ಗೆಡ್ಡೆಯ ಅಂಚು ಹೊಳೆಯುತ್ತದೆ, ನಡುಭಾಗ ಕಪ್ಪು: ಯಾಕೆ ಹೀಗೆ? ಕಂಪ್ಯೂಟರ್ ಮಾಡೆಲ್ ಏನು ಹೇಳಬಲ್ಲದು?

ಪ್ರಶ್ನೆ: ನಾನು ಪಿಯು ಕಾಲೇಜಿನಲ್ಲಿ ಗಣಿತ ಪಾಠ ಮಾಡುತ್ತೇನೆ. ಅಣ್ಣನಿಗೆ ಶ್ವಾಸಕೋಶದ ಕ್ಯಾನ್ಸರ್ ಇರುವುದು ಎರಡು ತಿಂಗಳ ಹಿಂದೆ ಗೊತ್ತಾಯಿತು. ಪೆಟ್-ಸಿಟಿ ವರದಿಯಲ್ಲಿ ‘ಹೆಟೆರೊಜೀನಿಯಸ್ ಎಫ್‌ಡಿಜಿ ಅಪ್‌ಟೇಕ್, ಸೆಂಟ್ರಲ್ ನೆಕ್ರೋಸಿಸ್’ ಎಂದು ಬರೆದಿದ್ದಾರೆ. ಚಿತ್ರ ನೋಡಿದರೆ ಗೆಡ್ಡೆಯ ಅಂಚು ಹೊಳೆಯುತ್ತಿದೆ, ನಡುಭಾಗ ಕಪ್ಪಾಗಿದೆ. ಒಂದೇ ಗೆಡ್ಡೆ ಒಂದೊಂದು ಕಡೆ ಒಂದೊಂದು ಥರ ಇರುವುದೇಕೆ? ಗೆಡ್ಡೆಯ ಚಯಾಪಚಯವನ್ನು ಕಂಪ್ಯೂಟರಿನಲ್ಲಿ ಮಾಡೆಲ್ ಮಾಡುತ್ತಾರೆ ಎಂದು ಓದಿದ್ದೇನೆ. ಅದರ ಹಿಂದಿನ ಗಣಿತ ಯಾವುದು? ಅಣ್ಣನಿಗೆ ಅದರಿಂದ ಉಪಯೋಗ ಇದೆಯೇ? ಇನ್ನೊಂದು ವಿಷಯ. ‘ಕ್ಯಾನ್ಸರ್ ಸಕ್ಕರೆ ತಿಂದು ಬೆಳೆಯುತ್ತದೆ’ ಎಂದು ಯಾರೋ ಹೇಳಿದ್ದಕ್ಕೆ ಮನೆಯಲ್ಲಿ ಮೊದಲು ಸಕ್ಕರೆ, ಆಮೇಲೆ ಬೆಲ್ಲ, ಈಗ ಅನ್ನವನ್ನೂ ನಿಲ್ಲಿಸಿದ್ದಾರೆ. ಇದು ಸರಿಯೇ?

ಉತ್ತರ:

ಕೊನೆಯ ಪ್ರಶ್ನೆಯನ್ನೇ ಮೊದಲು ತೆಗೆದುಕೊಳ್ಳುತ್ತೇನೆ. ಅಣ್ಣನವರಿಗೆ ಇವತ್ತಿನಿಂದಲೇ ಅನ್ನ ಬಡಿಸಿ. ಮಧುಮೇಹ ಇದ್ದರೆ ಅದಕ್ಕೆ ವೈದ್ಯರು ಹೇಳಿದ ಪಥ್ಯ ಬೇರೆ, ಅದನ್ನು ಬಿಡುವಂತಿಲ್ಲ. ಆದರೆ ಗೆಡ್ಡೆಯನ್ನು ಉಪವಾಸ ಕೆಡವುತ್ತೇವೆಂದು ಮನುಷ್ಯನನ್ನು ಉಪವಾಸ ಕೆಡವಬೇಡಿ. ಯಾಕೆ ಎಂಬುದು ನಿಮ್ಮ ಉಳಿದ ಪ್ರಶ್ನೆಗಳ ಉತ್ತರದಲ್ಲೇ ಇದೆ, ಸಮಾಧಾನದಿಂದ ಓದಿ.

ವರದಿಯಿಂದ ಶುರು ಮಾಡೋಣ. ಪೆಟ್ ಸ್ಕ್ಯಾನಿಗೆ ಮುಂಚೆ ಅಣ್ಣನವರ ರಕ್ತನಾಳಕ್ಕೆ ಎಫ್‌ಡಿಜಿ ಎಂಬ ದ್ರವ ಕೊಟ್ಟಿರುತ್ತಾರೆ. ಅದು ಗ್ಲೂಕೋಸಿನಂತೆಯೇ ಕಾಣುವ ಅಣು, ಅದಕ್ಕೆ ವಿಕಿರಣ ಸೂಸುವ ಫ್ಲೋರಿನ್-18 ಸೇರಿಸಿರುತ್ತಾರೆ. ಸುಮಾರು 110 ನಿಮಿಷಕ್ಕೊಮ್ಮೆ ಅದರ ವಿಕಿರಣ ಅರ್ಧಕ್ಕೆ ಇಳಿಯುತ್ತದೆ. ಕೋಶಗಳು ಇದನ್ನು ಗ್ಲೂಕೋಸ್ ಎಂದೇ ತಿಳಿದು ಒಳಗೆ ಎಳೆದುಕೊಳ್ಳುತ್ತವೆ. ಒಳಗೆ ಹೆಕ್ಸೊಕೈನೇಸ್ ಎಂಬ ಕಿಣ್ವ ಅದಕ್ಕೆ ಒಂದು ಫಾಸ್ಫೇಟ್ ಅಂಟಿಸುತ್ತದೆ. ಅಲ್ಲಿಂದ ಮುಂದಿನ ಹಂತಕ್ಕೂ ಹೋಗಲಾಗದೆ, ಹೊರಗೂ ಬರಲಾಗದೆ ಅದು ಅಲ್ಲೇ ಸಿಕ್ಕಿಬೀಳುತ್ತದೆ. ಹೆಚ್ಚು ಗ್ಲೂಕೋಸ್ ಎಳೆಯುವ ಜಾಗ ಚಿತ್ರದಲ್ಲಿ ಹೆಚ್ಚು ಹೊಳೆಯುತ್ತದೆ. ‘ಹೆಟೆರೊಜೀನಿಯಸ್’ ಅಂದರೆ ಈ ಹೊಳಪು ಎಲ್ಲ ಕಡೆ ಒಂದೇ ಸಮ ಇಲ್ಲ ಎಂದು. ‘ಸೆಂಟ್ರಲ್ ನೆಕ್ರೋಸಿಸ್’ ಅಂದರೆ ನಡುಭಾಗದ ಕೋಶಗಳು ಸತ್ತಿವೆ ಎಂದು. ಸತ್ತ ಕೋಶ ಗ್ಲೂಕೋಸ್ ಎಳೆಯುವುದಿಲ್ಲ, ಅದಕ್ಕೇ ಅಲ್ಲಿ ಕಪ್ಪು. ನಿಮ್ಮಂತೆ ಹಲವರು ಈ ಪದ ನೋಡಿ ಗಾಬರಿಯಾಗುತ್ತಾರೆ. ಒಂದು ಗಾತ್ರ ದಾಟಿದ ಗೆಡ್ಡೆಗಳಲ್ಲಿ ಇದು ಬಹಳ ಸಾಮಾನ್ಯ.

ಈಗ ‘ಯಾಕೆ’ ಎಂಬುದಕ್ಕೆ ಬರೋಣ.

ನಾನು ಭೌತಶಾಸ್ತ್ರ ಓದಿ ಈ ಕ್ಷೇತ್ರಕ್ಕೆ ಬಂದವನು. ಮೊದಲ ವರ್ಷ ಗೆಡ್ಡೆ ನನಗೆ ಪರದೆ ಮೇಲಿನ ಅಂಕಿಗಳಾಗಿ ಮಾತ್ರ ಗೊತ್ತಿತ್ತು. ಒಂದು ದಿನ ಪೆಥಾಲಜಿ ವಿಭಾಗದ ಸಹೋದ್ಯೋಗಿಯೊಬ್ಬರು ಕರೆದು ಸೂಕ್ಷ್ಮದರ್ಶಕದ ಮುಂದೆ ಕೂರಿಸಿದರು. ಶ್ವಾಸಕೋಶದ ಗೆಡ್ಡೆಯ ತೆಳು ಹೋಳು, ಮಾಮೂಲಿ ಬಣ್ಣ ಹಾಕಿದ ಸ್ಲೈಡ್. ಮಧ್ಯದಲ್ಲಿ ಒಂದು ಸಣ್ಣ ಸೀಳು, ಅದರೊಳಗೆ ನಾಲ್ಕೈದು ಕೆಂಪು ರಕ್ತಕಣ. ಅದು ರಕ್ತನಾಳ. ಅದರ ಸುತ್ತ ನೇರಳೆ ನ್ಯೂಕ್ಲಿಯಸ್‌ಗಳು ಒತ್ತೊತ್ತಾಗಿ, ತೋಳಿಗೆ ಸುತ್ತಿದ ಪಟ್ಟಿಯ ಹಾಗೆ. ಪಟ್ಟಿ ಮುಗಿದಲ್ಲಿ ನ್ಯೂಕ್ಲಿಯಸ್ಸೇ ಇಲ್ಲದ, ಪುಡಿಪುಡಿಯಾದ ಗುಲಾಬಿ ಬಣ್ಣದ ಹರಹು. ಅದೇ ನೆಕ್ರೋಸಿಸ್. ‘ರಕ್ತನಾಳದಿಂದ ಗುಲಾಬಿ ಅಂಚಿನವರೆಗೆ ಎಷ್ಟು ಕೋಶ ಇದೆ, ಎಣಿಸಿ’ ಅಂದರು. ಎಣಿಸಿದೆ, ಎಂಟು. ಸ್ಲೈಡ್ ಸರಿಸಿ ಇನ್ನೊಂದು ರಕ್ತನಾಳ ತೋರಿಸಿದರು, ಒಂಬತ್ತು. ಮತ್ತೊಂದು ಕಡೆ, ಎಂಟು. ಒಂದೊಂದು ಕೋಶದ ಅಗಲ ಹತ್ತರಿಂದ ಹದಿನೈದು ಮೈಕ್ರೊಮೀಟರ್ ಎಂದು ಹಿಡಿದರೆ, ಬದುಕಿಗೂ ಸಾವಿಗೂ ನಡುವಿನ ದೂರ ಸುಮಾರು ನೂರು ಮೈಕ್ರೊಮೀಟರ್. ಅಂದರೆ ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗ. ಒಂದು ತಲೆಗೂದಲಿನ ದಪ್ಪ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ.

ಈ ಅಳತೆಯನ್ನು ಮೊದಲು ಗಂಭೀರವಾಗಿ ತೆಗೆದುಕೊಂಡವರು ಬ್ರಿಟನ್ನಿನ ಥಾಮ್ಲಿನ್ಸನ್ ಮತ್ತು ಗ್ರೇ, 1955ರಲ್ಲಿ. ವಿಕಿರಣದ ಪ್ರಮಾಣ ಅಳೆಯುವ ‘ಗ್ರೇ’ ಎಂಬ ಮಾನ ಇವರ ಹೆಸರಿನದೇ. ಅವರು ನೋಡಿದ್ದೂ ಶ್ವಾಸಕೋಶದ ಕ್ಯಾನ್ಸರನ್ನೇ. ಅವರ ಹೋಳುಗಳಲ್ಲಿ ಜೋಡಣೆ ತಿರುಗುಮುರುಗು: ರಕ್ತನಾಳ ಹೊರಗೆ, ಕ್ಯಾನ್ಸರ್ ಕೋಶಗಳು ಒಳಗೆ ಹಗ್ಗದ ಹಾಗೆ. ತ್ರಿಜ್ಯ 160 ಮೈಕ್ರೊಮೀಟರಿಗಿಂತ ಕಡಿಮೆ ಇರುವ ಹಗ್ಗಗಳ ನಡುವೆ ಸತ್ತ ಕೋಶ ಇರಲಿಲ್ಲ. 200 ದಾಟಿದ ಹಗ್ಗಗಳಲ್ಲೆಲ್ಲ ಇತ್ತು. ಸತ್ತ ಭಾಗ ಎಷ್ಟೇ ದೊಡ್ಡದಿರಲಿ, ಅದರ ಸುತ್ತ ಬದುಕಿದ ಕೋಶಗಳ ಪಟ್ಟಿ 180 ಮೈಕ್ರೊಮೀಟರಿಗಿಂತ ದಪ್ಪ ಆಗುತ್ತಿರಲಿಲ್ಲ. ಆಮ್ಲಜನಕ ಅಷ್ಟು ದೂರ ಮಾತ್ರ ಹೋಗಬಲ್ಲದು ಎಂದು ಅವರು ಲೆಕ್ಕ ಹಾಕಿ ತೋರಿಸಿದರು.

ನೀವು ಗಣಿತದವರಾದ್ದರಿಂದ ಆ ಲೆಕ್ಕವನ್ನು ಇಲ್ಲೇ ಮಾಡೋಣ. ಒಂದು ಚಪ್ಪಟೆ ಪದರ ಎಂದುಕೊಳ್ಳಿ, ಅದರ ಒಂದು ಬದಿಗೆ ರಕ್ತನಾಳ. ಆಮ್ಲಜನಕ ಅಲ್ಲಿಂದ ವಿಸರಣದಿಂದ, ಅಂದರೆ ಹೆಚ್ಚಿರುವ ಕಡೆಯಿಂದ ಕಡಿಮೆ ಇರುವ ಕಡೆಗೆ ತಾನಾಗಿ ಹರಡುತ್ತ, ಒಳಗೆ ಹೋಗುತ್ತದೆ, ದಾರಿಯುದ್ದಕ್ಕೂ ಕೋಶಗಳು ಅದನ್ನು ಒಂದೇ ದರದಲ್ಲಿ ಬಳಸುತ್ತವೆ. ವಿಸರಣ ಗುಣಾಂಕವನ್ನು ಸಾಂದ್ರತೆಯ ಎರಡನೇ ಅವಕಲಕ್ಕೆ ಗುಣಿಸಿದರೆ ಬಳಕೆಯ ದರ ಬರಬೇಕು. ಸಮೀಕರಣ ಇಷ್ಟೇ. ಆಮ್ಲಜನಕ ಮುಗಿಯುವ ಜಾಗದಲ್ಲಿ ಸಾಂದ್ರತೆಯೂ ಸೊನ್ನೆ, ಅದರ ಇಳಿಜಾರೂ ಸೊನ್ನೆ. ಎರಡು ಸಲ ಸಮಾಕಲನ ಮಾಡಿದರೆ:

ತಲುಪುವ ದೂರ = √(2 × ವಿಸರಣ ಗುಣಾಂಕ × ರಕ್ತನಾಳದ ಬಳಿಯ ಸಾಂದ್ರತೆ ÷ ಬಳಕೆಯ ದರ)

ಅಂಗಾಂಶದಲ್ಲಿ ಆಮ್ಲಜನಕದ ವಿಸರಣ ಗುಣಾಂಕ ಸೆಕೆಂಡಿಗೆ ಸುಮಾರು 2000 ಚದರ ಮೈಕ್ರೊಮೀಟರ್. ರಕ್ತನಾಳದ ಬಳಿ ಒತ್ತಡ 40 ಮಿಲಿಮೀಟರ್ ಪಾದರಸ ಎಂದರೆ ಕರಗಿದ ಆಮ್ಲಜನಕ ಸುಮಾರು 0.05 ಮಿಲಿಮೋಲಾರ್ (ಸಾಂದ್ರತೆಯ ಮಾನ). ಕೋಶಗಳ ಬಳಕೆ ಸೆಕೆಂಡಿಗೆ 0.02 ಮಿಲಿಮೋಲಾರಿನ ಆಸುಪಾಸು. ಗುಣಿಸಿ ಭಾಗಿಸಿದರೆ ಹತ್ತು ಸಾವಿರ, ಅದರ ವರ್ಗಮೂಲ ನೂರು. ಅಂದು ಸ್ಲೈಡಿನಲ್ಲಿ ಬೆರಳಿಟ್ಟು ಎಣಿಸಿದ ಎಂಟು-ಒಂಬತ್ತು ಕೋಶ ಇದೇ. ಕಾಗದದ ಮೇಲೆ ಈ ನೂರು ಮೊದಲ ಸಲ ಬಂದ ದಿನ ನನಗೆ ಆದ ಸಂತೋಷ ಇನ್ನೂ ನೆನಪಿದೆ.

ಈ ಸಮೀಕರಣದ ಇನ್ನೊಂದು ಗುಣ ನೋಡಿ. ದಾರಿಯ ಒಂದು ಬಿಂದುವಿನಲ್ಲಿ ಉಳಿದಿರುವ ಆಮ್ಲಜನಕ, ಅಲ್ಲಿಂದ ಕೊನೆಯವರೆಗೆ ಉಳಿದ ದಾರಿಯ ವರ್ಗಕ್ಕೆ ಅನುಪಾತದಲ್ಲಿರುತ್ತದೆ. ಅರ್ಧ ದಾರಿಯಲ್ಲಿ, ಅಂದರೆ 50 ಮೈಕ್ರೊಮೀಟರಿನಲ್ಲಿ, ಆಮ್ಲಜನಕ ಅರ್ಧ ಇರುವುದಿಲ್ಲ, ಕಾಲು ಭಾಗ ಇರುತ್ತದೆ: 10 ಮಿಲಿಮೀಟರ್ ಪಾದರಸ. 75 ಮೈಕ್ರೊಮೀಟರಿನಲ್ಲಿ ಹದಿನಾರನೇ ಒಂದು ಭಾಗ: 2.5. ವಿಕಿರಣ ಚಿಕಿತ್ಸೆ ಕೊಡುವವರಿಗೆ ಈ 2.5 ಚೆನ್ನಾಗಿ ಗೊತ್ತು. ಆಮ್ಲಜನಕ ಅದಕ್ಕಿಂತ ಕೆಳಗೆ ಇಳಿಯುತ್ತ ಹೋದಂತೆ ಕೋಶ ವಿಕಿರಣಕ್ಕೆ ಜಗ್ಗುವುದಿಲ್ಲ. ಆಮ್ಲಜನಕವೇ ಇಲ್ಲದ ಕೋಶವನ್ನು ಕೊಲ್ಲಲು ಎರಡೂವರೆಯಿಂದ ಮೂರು ಪಟ್ಟು ಪ್ರಮಾಣ ಬೇಕು. ಅಂದರೆ ನಮ್ಮ ನೂರು ಮೈಕ್ರೊಮೀಟರಿನ ಕೊನೆಯ ಕಾಲು ಭಾಗದಲ್ಲಿ ಕೋಶಗಳು ಉಸಿರುಗಟ್ಟಿದ್ದರೂ ಬದುಕಿವೆ, ಮತ್ತು ಚಿಕಿತ್ಸೆಯಿಂದ ತಪ್ಪಿಸಿಕೊಳ್ಳುವವೂ ಅವೇ.

ರಕ್ತನಾಳಕ್ಕೆ ಸಿಲಿಂಡರಿನ ಆಕಾರ ಕೊಟ್ಟು ಇದೇ ಲೆಕ್ಕವನ್ನು 1919ರಲ್ಲೇ ಮಾಡಿದವರು ಡೆನ್ಮಾರ್ಕಿನ ಆಗಸ್ಟ್ ಕ್ರೋಗ್. ಅವರ ಚಿಂತೆ ಕ್ಯಾನ್ಸರ್ ಆಗಿರಲಿಲ್ಲ, ಸ್ನಾಯು. ಸಮೀಕರಣ ಬಿಡಿಸಿಕೊಟ್ಟವರು ಕೋಪನ್‌ಹೇಗನ್ನಿನ ಟೆಲಿಫೋನ್ ಕಂಪನಿಯಲ್ಲಿದ್ದ ಗಣಿತಜ್ಞ ಎರ್ಲಾಂಗ್. ಈ ಕ್ಷೇತ್ರದಲ್ಲಿ ಗಣಿತದವರ ಕೈ ಮೊದಲಿನಿಂದಲೂ ಇದೆ, ನಿಮ್ಮ ಕುತೂಹಲ ಹೊರಗಿನವರ ಕುತೂಹಲ ಅಲ್ಲ.

ಆಮ್ಲಜನಕದ ಕಥೆ ಇಷ್ಟು. ಆದರೆ ಚಯಾಪಚಯ, ಅಂದರೆ ಕೋಶದೊಳಗಿನ ರಾಸಾಯನಿಕ ಕ್ರಿಯೆಗಳೆಲ್ಲ, ಬರೀ ಆಮ್ಲಜನಕದ್ದಲ್ಲ. ಗ್ಲೂಕೋಸ್, ಗ್ಲುಟಮಿನ್ ಎಂಬ ಅಮೈನೊ ಆಮ್ಲ, ಲ್ಯಾಕ್ಟೇಟ್, ಕೊಬ್ಬಿನಾಮ್ಲ ಎಲ್ಲ ಇವೆ. ಗ್ಲೂಕೋಸ್ ಆಮ್ಲಜನಕಕ್ಕಿಂತ ನಿಧಾನವಾಗಿ ಹರಡುತ್ತದೆ, ಆದರೆ ರಕ್ತದಲ್ಲಿ ಅದರ ದಾಸ್ತಾನು ಸುಮಾರು 5 ಮಿಲಿಮೋಲಾರ್, ಅಂದರೆ ಕರಗಿದ ಆಮ್ಲಜನಕದ ನೂರು ಪಟ್ಟು. ಹೀಗಾಗಿ ಆಮ್ಲಜನಕ ಮುಗಿದ ಜಾಗಕ್ಕೂ ಗ್ಲೂಕೋಸ್ ತಲುಪುತ್ತಿರುತ್ತದೆ. ಅಲ್ಲಿನ ಕೋಶ ಗ್ಲೂಕೋಸನ್ನು ಅರ್ಧಕ್ಕೇ ಒಡೆದು ಲ್ಯಾಕ್ಟೇಟ್ ಮಾಡಿ ಹೊರಗೆ ಹಾಕುತ್ತದೆ. ಹೀಗೆ ಒಡೆದರೆ ಒಂದು ಗ್ಲೂಕೋಸಿಗೆ ಸಿಗುವ ಎಟಿಪಿ, ಅಂದರೆ ಕೋಶ ಶಕ್ತಿಗೆ ಬಳಸುವ ಅಣು, ಎರಡು. ಕೋಶದ ಶಕ್ತಿಕೇಂದ್ರವಾದ ಮೈಟೊಕಾಂಡ್ರಿಯಾದಲ್ಲಿ ಆಮ್ಲಜನಕ ಬಳಸಿ ಪೂರ್ತಿ ಸುಟ್ಟರೆ ಸಿಗುವುದು ಸುಮಾರು ಮೂವತ್ತು. ಅಷ್ಟೇ ಶಕ್ತಿಗೆ ಉಸಿರುಗಟ್ಟಿದ ಕೋಶ ಹದಿನೈದು ಪಟ್ಟು ಗ್ಲೂಕೋಸ್ ಎಳೆಯಬೇಕು. ಪೆಟ್ ಚಿತ್ರದಲ್ಲಿ ಹೊಳೆಯುವ ಜಾಗವೇ ವೇಗವಾಗಿ ಬೆಳೆಯುವ ಜಾಗ ಎಂದು ಓದಬಾರದು ಎನ್ನಲು ಇದು ಒಂದು ಕಾರಣ. ಹೊಳಪು ಹಸಿವಿನದೂ ಇರಬಹುದು.

ಇದರ ಮೇಲೆ ವಾರ್ಬರ್ಗ್ ಕಂಡ ವಿಚಿತ್ರ. 1920ರ ದಶಕದಲ್ಲಿ ಬರ್ಲಿನ್ನಿನಲ್ಲಿ ಆಟೊ ವಾರ್ಬರ್ಗ್, ಆಮ್ಲಜನಕ ಧಾರಾಳವಾಗಿದ್ದಾಗಲೂ ಗೆಡ್ಡೆಯ ಹೋಳುಗಳು ಗ್ಲೂಕೋಸನ್ನು ಲ್ಯಾಕ್ಟೇಟ್ ಮಾಡುವುದನ್ನು ಅಳೆದರು. ಮೈಟೊಕಾಂಡ್ರಿಯಾ ಕೆಟ್ಟಿರುವುದರಿಂದ ಹೀಗಾಗುತ್ತದೆ ಎಂದು ಅವರು ಕೊನೆಯವರೆಗೂ ನಂಬಿದ್ದರು. ಬಹುಪಾಲು ಗೆಡ್ಡೆಗಳಲ್ಲಿ ಅದು ಕೆಟ್ಟಿಲ್ಲ ಎಂಬುದು ಈಗ ಗೊತ್ತಿದೆ. ಹಾಗಾದರೆ ಮೂವತ್ತು ಸಿಗುವ ದಾರಿ ಬಿಟ್ಟು ಎರಡು ಸಿಗುವ ದಾರಿ ಹಿಡಿಯುವುದೇಕೆ? ಇಲ್ಲಿ ನೀವು ಕೇಳಿದ ಎರಡನೇ ಬಗೆಯ ಗಣಿತ ಬರುತ್ತದೆ.

ಕೋಶದೊಳಗಿನ ಎಲ್ಲ ರಾಸಾಯನಿಕ ಕ್ರಿಯೆಗಳನ್ನೂ ಪಟ್ಟಿ ಮಾಡಿಟ್ಟ ದೊಡ್ಡ ಮಾಡೆಲ್‌ಗಳಿವೆ. 2020ರಲ್ಲಿ ಬಂದ ಹ್ಯೂಮನ್-1 ಎಂಬುದರಲ್ಲಿ 13,000ಕ್ಕೂ ಹೆಚ್ಚು ಕ್ರಿಯೆಗಳಿವೆ. ಪ್ರತಿಯೊಂದು ವಸ್ತುವಿಗೂ ಜಮಾ-ಖರ್ಚು ಬರೆಯಿರಿ: ಎಷ್ಟು ತಯಾರಾಯಿತೋ ಅಷ್ಟೇ ಬಳಕೆಯಾಗಬೇಕು. ಸಮೀಕರಣಗಳಿಗಿಂತ ಚರಾಕ್ಷರಗಳೇ ಹೆಚ್ಚು, ಆದ್ದರಿಂದ ಉತ್ತರಗಳು ಅನಂತ. ಅವುಗಳಲ್ಲಿ ಯಾವುದು ಒಂದು ಗುರಿಯನ್ನು, ಉದಾಹರಣೆಗೆ ಬೆಳವಣಿಗೆಯ ದರವನ್ನು, ಗರಿಷ್ಠ ಮಾಡುತ್ತದೋ ಅದನ್ನು ಆರಿಸುವುದು. ಇದು ನೀವು ದ್ವಿತೀಯ ಪಿಯು ಮಕ್ಕಳಿಗೆ ಕಲಿಸುವ ಲೀನಿಯರ್ ಪ್ರೋಗ್ರಾಮಿಂಗೇ. ಅಲ್ಲಿ ಎರಡು ಚರಾಕ್ಷರ, ಗ್ರಾಫಿನಲ್ಲಿ ಗೆರೆ ಹಾಕಿದ ಜಾಗ, ಮೂಲೆಯ ಬಿಂದುಗಳು. ಇಲ್ಲಿ ಹದಿಮೂರು ಸಾವಿರ ಆಯಾಮ, ಆದರೆ ಉತ್ತರ ಸಿಗುವುದು ಮೂಲೆಯಲ್ಲೇ. ಇದಕ್ಕೆ ಫ್ಲಕ್ಸ್ ಬ್ಯಾಲೆನ್ಸ್ ಅನಾಲಿಸಿಸ್ ಎನ್ನುತ್ತಾರೆ.

ಗ್ಲೂಕೋಸಿನ ಮಿತಿ ಒಂದನ್ನೇ ಹಾಕಿ ಬಿಡಿಸಿದರೆ ಈ ಮಾಡೆಲ್ ಯಾವಾಗಲೂ ಮೂವತ್ತರ ದಾರಿಯನ್ನೇ ಆರಿಸುತ್ತದೆ, ವಾರ್ಬರ್ಗ್ ಕಂಡದ್ದು ಕಾಣುವುದೇ ಇಲ್ಲ. ಆದರೆ ಕಿಣ್ವ ತಯಾರಿಸುವುದಕ್ಕೂ ಖರ್ಚಿದೆ, ಕೋಶದೊಳಗೆ ಅವಕ್ಕೆ ಜಾಗವೂ ಬೇಕು. ಕಿಣ್ವಗಳ ಒಟ್ಟು ಮೊತ್ತಕ್ಕೆ ಒಂದು ಮಿತಿ ಇದೆ ಎಂಬ ಇನ್ನೊಂದು ಷರತ್ತು ಸೇರಿಸಿದ ಕೂಡಲೇ, ವೇಗವಾಗಿ ಬೆಳೆಯಬೇಕಾದ ಕೋಶ ತಾನಾಗಿಯೇ ಲ್ಯಾಕ್ಟೇಟಿನ ದಾರಿ ಹಿಡಿಯುತ್ತದೆ. 2010-11ರ ಹೊತ್ತಿಗೆ ಎರಡು ಮೂರು ಗುಂಪುಗಳು ಇದನ್ನು ಬೇರೆಬೇರೆ ರೀತಿಯಲ್ಲಿ ತೋರಿಸಿದವು. ಎಂಬತ್ತು ವರ್ಷದ ಒಗಟಿಗೆ ಒಂದು ಅಸಮಾನತೆಯ ಷರತ್ತು ಇಷ್ಟು ಚೆನ್ನಾಗಿ ಉತ್ತರ ಕೊಟ್ಟದ್ದು ಈ ಕ್ಷೇತ್ರದಲ್ಲಿ ನನಗೆ ಅತ್ಯಂತ ಇಷ್ಟವಾದ ಕೆಲಸ.

ಈಗ ಎರಡನ್ನೂ ಕೂಡಿಸಿ. ಗೆಡ್ಡೆಯನ್ನು ಸಣ್ಣಸಣ್ಣ ಚೌಕಗಳಾಗಿ ಹಂಚಿ. ಪ್ರತಿ ಚೌಕಕ್ಕೆ ವಿಸರಣದ ಸಮೀಕರಣ ಬಿಡಿಸಿ ಅಲ್ಲಿ ಆಮ್ಲಜನಕ ಎಷ್ಟು, ಗ್ಲೂಕೋಸ್ ಎಷ್ಟು ಎಂದು ಕಂಡುಕೊಳ್ಳಿ. ಅದನ್ನು ಆ ಚೌಕದ ಕೋಶಕ್ಕೆ ಮಿತಿಯಾಗಿ ಕೊಟ್ಟು ಲೀನಿಯರ್ ಪ್ರೋಗ್ರಾಮ್ ಬಿಡಿಸಿ. ಕೋಶ ಏನು ಎಳೆದುಕೊಂಡಿತು, ಏನು ಹೊರಹಾಕಿತು ಎಂಬುದು ಬರುತ್ತದೆ. ಅದನ್ನು ಮತ್ತೆ ವಿಸರಣದ ಸಮೀಕರಣಕ್ಕೆ ತುಂಬಿ. ಹೊಂದಿಕೆಯಾಗುವವರೆಗೆ ಸುತ್ತು ಹೊಡೆಯಬೇಕು. ನೂರು ಮೈಕ್ರೊಮೀಟರ್ ದಾಟಲು ಆಮ್ಲಜನಕಕ್ಕೆ ಬೇಕಾಗುವುದು ಕೆಲವೇ ಸೆಕೆಂಡು, ಕೋಶ ಒಂದು ಸಲ ಒಡೆಯಲು ಒಂದು ದಿನ ಅಥವಾ ಹೆಚ್ಚು. ಕಾಲದ ಈ ಅಂತರದಿಂದಾಗಿ ವಿಸರಣ ಯಾವಾಗಲೂ ಸಮಸ್ಥಿತಿಯಲ್ಲಿದೆ ಎಂದು ಧೈರ್ಯವಾಗಿ ಹೇಳಬಹುದು, ಲೆಕ್ಕ ಹಗುರವಾಗುತ್ತದೆ. ಕೋಶ ಹುಟ್ಟುವುದು, ಸರಿಯುವುದು, ಸಾಯುವುದನ್ನೂ ಸೇರಿಸಬೇಕೆಂದರೆ ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯದವರು 2018ರಲ್ಲಿ ಪ್ರಕಟಿಸಿದ ಫಿಸಿಸೆಲ್‌ನಂಥ ಉಚಿತ ಸಾಫ್ಟ್‌ವೇರ್ ಇದೆ.

ಹೀಗೆ ಕೂಡಿಸಿದಾಗ ಕಾಣುವ ಒಂದು ಸಂಗತಿಯನ್ನು ನಮ್ಮ ಕಡೆಯ ನಾಲೆಯ ಮಾತಿನಲ್ಲಿ ಹೇಳಿದರೆ ಬೇಗ ಅರ್ಥವಾಗುತ್ತದೆ. ತುಂಗಭದ್ರಾ ಎಡದಂಡೆ ನಾಲೆಯಲ್ಲಿ ಮೇಲ್ಭಾಗದವರು ಭತ್ತಕ್ಕೆ ನೀರು ಹಿಡಿದರೆ ರಾಯಚೂರು ಕಡೆಯ ಕೊನೆ ಭಾಗದ ರೈತರಿಗೆ ತಲುಪುವುದಿಲ್ಲ. ಗೆಡ್ಡೆಯಲ್ಲೂ ರಕ್ತನಾಳದ ಪಕ್ಕದ ಕೋಶ ಮೇಲ್ಭಾಗದ ರೈತ, ಒಳಗಿನದು ಕೊನೆ ಭಾಗದ್ದು. ಆದರೆ ಗೆಡ್ಡೆಯಲ್ಲಿ ಒಂದು ಒಳ ಒಪ್ಪಂದ ಇದೆ. ಒಳಗಿನ ಕೋಶ ಹೊರಹಾಕಿದ ಲ್ಯಾಕ್ಟೇಟನ್ನು ರಕ್ತನಾಳದ ಪಕ್ಕದ, ಆಮ್ಲಜನಕ ಸಿಗುವ ಕೋಶ ಎಳೆದುಕೊಂಡು ಇಂಧನವಾಗಿ ಸುಡುತ್ತದೆ. ಅದು ಲ್ಯಾಕ್ಟೇಟ್ ಬಳಸಿದಷ್ಟೂ ಗ್ಲೂಕೋಸ್ ಉಳಿದು ಮುಂದೆ ಹರಿಯುತ್ತದೆ. 2008ರಲ್ಲಿ ಬೆಲ್ಜಿಯಂ ಮತ್ತು ಅಮೆರಿಕದ ಸಂಶೋಧಕರು ಇದನ್ನು ಇಲಿಗಳ ಗೆಡ್ಡೆಯಲ್ಲಿ ತೋರಿಸಿದರು. ಲ್ಯಾಕ್ಟೇಟ್ ಒಳಗೆ ತರುವ ಎಂಸಿಟಿ-1 ಎಂಬ ಬಾಗಿಲನ್ನು ಮುಚ್ಚಿದಾಗ ರಕ್ತನಾಳದ ಪಕ್ಕದ ಕೋಶಗಳು ಗ್ಲೂಕೋಸಿಗೆ ತಿರುಗಿದವು, ಕೊನೆ ಭಾಗದ ಕೋಶಗಳು ಗ್ಲೂಕೋಸಿಲ್ಲದೆ ಸತ್ತವು. ವಿಕಿರಣಕ್ಕೆ ಜಗ್ಗದ ಕೋಶಗಳು ಅವೇ ಆದ್ದರಿಂದ ಗೆಡ್ಡೆ ವಿಕಿರಣಕ್ಕೆ ಮೆತ್ತಗಾಯಿತು. ಔಷಧಿ ಮುಟ್ಟಿದ್ದು ಒಂದು ಕಡೆ, ಸತ್ತದ್ದು ಇನ್ನೊಂದು ಕಡೆ. ಎಲ್ಲ ಕೋಶಗಳನ್ನೂ ಕಲೆಸಿ ಸರಾಸರಿ ತೆಗೆದ ಮಾಡೆಲ್ ಇದನ್ನು ಎಂದೂ ಹೇಳಲಾರದು. ಜಾಗದ ಲೆಕ್ಕ ಇಟ್ಟುಕೊಂಡು ಮಾಡೆಲ್ ಮಾಡಬೇಕು ಎಂದು ನಾನು ಹಟ ಹಿಡಿಯುವುದು ಇದಕ್ಕೇ.

ಮನುಷ್ಯರಲ್ಲಿ ಹೀಗಾಗುತ್ತದೆಯೇ? ಡಲ್ಲಾಸ್‌ನ ಟೆಕ್ಸಾಸ್ ವಿಶ್ವವಿದ್ಯಾಲಯದ ಸೌತ್‌ವೆಸ್ಟರ್ನ್ ವೈದ್ಯಕೀಯ ಕೇಂದ್ರದಲ್ಲಿ ಶಸ್ತ್ರಚಿಕಿತ್ಸೆಗೆ ಬಂದ ಶ್ವಾಸಕೋಶ ಕ್ಯಾನ್ಸರ್ ರೋಗಿಗಳಿಗೆ ಕಾರ್ಬನ್-13 ಗುರುತು ಹಾಕಿದ ಗ್ಲೂಕೋಸ್ ಕೊಟ್ಟು, ತೆಗೆದ ಗೆಡ್ಡೆಯ ಬೇರೆಬೇರೆ ತುಣುಕುಗಳಲ್ಲಿ ಆ ಗುರುತು ಎಲ್ಲಿಗೆ ಹೋಗಿದೆ ಎಂದು ಹುಡುಕಿದರು. 2016ರಲ್ಲಿ ಪ್ರಕಟವಾದ ಆ ಕೆಲಸದ ಪ್ರಕಾರ ರಕ್ತ ಕಡಿಮೆ ಹರಿಯುವ ಭಾಗ ಹೆಚ್ಚಾಗಿ ಗ್ಲೂಕೋಸನ್ನೇ ನೆಚ್ಚಿಕೊಂಡಿತ್ತು, ರಕ್ತ ಚೆನ್ನಾಗಿ ಹರಿಯುವ ಭಾಗ ಬೇರೆ ಇಂಧನಗಳನ್ನೂ ಸುಡುತ್ತಿತ್ತು. ಮರುವರ್ಷ ಅದೇ ಗುಂಪು, ಮನುಷ್ಯರ ಶ್ವಾಸಕೋಶದ ಗೆಡ್ಡೆಗಳು ಲ್ಯಾಕ್ಟೇಟನ್ನು ಇಂಧನವಾಗಿ ಬಳಸುತ್ತವೆ ಎಂದೂ ತೋರಿಸಿತು.

ಇಷ್ಟು ಹೇಳಿದ ಮೇಲೆ ಎಚ್ಚರಿಕೆಯ ಮಾತೂ ಹೇಳಬೇಕು, ಯಾಕೆಂದರೆ ಈಚಿನ ಕೆಲವು ಲೇಖನಗಳನ್ನು ಓದಿದರೆ ಎಲ್ಲ ಬಗೆಹರಿದಿದೆ ಅನ್ನಿಸುತ್ತದೆ.

ಒಂದು, ಅಳತೆಯ ಒರಟುತನ. ಪೆಟ್ ಚಿತ್ರದಲ್ಲಿ ಬೇರೆಯಾಗಿ ಕಾಣುವ ಅತಿ ಸಣ್ಣ ಜಾಗ ಸುಮಾರು ನಾಲ್ಕು ಮಿಲಿಮೀಟರ್. ಅಷ್ಟು ಗಾತ್ರದ ಘನದಲ್ಲಿ ಅರವತ್ತು ಲಕ್ಷದಿಂದ ಆರು ಕೋಟಿ ಕೋಶ ಇರಬಹುದು. ನಾವು ಇಷ್ಟು ಹೊತ್ತು ಮಾತಾಡಿದ ನೂರು ಮೈಕ್ರೊಮೀಟರಿನ ಕಥೆ ಅದರೊಳಗೆ ನಲವತ್ತು ಸಲ ಅಡ್ಡಕ್ಕೆ ನಡೆದುಹೋಗುತ್ತದೆ. ಅಂಗಾಂಶದ ಯಾವ ಜಾಗದಲ್ಲಿ ಯಾವ ಜೀನ್ ಎಷ್ಟು ಕೆಲಸ ಮಾಡುತ್ತಿದೆ ಎಂದು ಹೇಳುವ ಸ್ಪೇಶಿಯಲ್ ಟ್ರಾನ್ಸ್‌ಕ್ರಿಪ್ಟೊಮಿಕ್ಸ್ ತಂತ್ರ ಬಂದಿದೆ. ಅದರ ವಿಸಿಯಂ ಎಂಬ ಬಹುಬಳಕೆಯ ಸ್ಲೈಡಿನಲ್ಲಿ ಒಂದು ಚುಕ್ಕೆಯ ಅಗಲ 55 ಮೈಕ್ರೊಮೀಟರ್, ಒಂದು ಚುಕ್ಕೆಯ ನಡುವಿನಿಂದ ಮುಂದಿನದರ ನಡುವಿಗೆ 100. ರಕ್ತನಾಳದಿಂದ ಸಾವಿನ ಅಂಚಿನವರೆಗಿನ ಇಡೀ ದಾರಿ ಎರಡೇ ಚುಕ್ಕೆಯಲ್ಲಿ ಮುಗಿಯಿತು! ಈ ದತ್ತಾಂಶವನ್ನೇ ನೆಚ್ಚಿ ‘ಗೆಡ್ಡೆಯ ಚಯಾಪಚಯದ ನಕ್ಷೆ’ ಬಿಡಿಸಿದವರನ್ನು ನಾನು ಮೊದಲು ಕೇಳುವುದು ರಕ್ತನಾಳ ಎಲ್ಲಿದೆ ಎಂದು. ಈಗ ಬಂದಿರುವ ಎಚ್‌ಡಿ ಸ್ಲೈಡುಗಳು ಕೆಲವೇ ಮೈಕ್ರೊಮೀಟರಿನವು, ಅಲ್ಲಿ ಈ ತೊಂದರೆ ಕಡಿಮೆ.

ಇನ್ನೂ ದೊಡ್ಡ ವಿಷಯ ಇದು: ಜೀನ್ ಕೆಲಸ ಮಾಡುತ್ತಿದೆ ಅಂದಮಾತ್ರಕ್ಕೆ ಆ ದಾರಿಯಲ್ಲಿ ವಸ್ತು ಹರಿಯುತ್ತಿದೆ ಎಂದಲ್ಲ. ಕಿಣ್ವ ಇದ್ದರೂ ಕಚ್ಚಾವಸ್ತು ಬರದಿದ್ದರೆ ಹರಿವು ಸೊನ್ನೆ. ಗದ್ದೆಗೆ ತೂಬು ಇದೆ ಎಂದರೆ ನೀರು ಬಂತು ಎಂದಾಗುತ್ತದೆಯೇ? ಜೀನ್ ದತ್ತಾಂಶದಿಂದ ಹರಿವನ್ನು ಊಹಿಸುವ ಹತ್ತಾರು ಸಾಫ್ಟ್‌ವೇರ್ ಇವೆ, ಊಹೆಗೆ ಬಹಳ ಉಪಯುಕ್ತ. ಆದರೆ ಊಹೆಯನ್ನು ಅಳತೆ ಎಂದು ಬರೆಯುವುದು ತಪ್ಪು. ಅಳತೆ ಬೇಕೆಂದರೆ ಡಲ್ಲಾಸ್‌ನವರ ಹಾಗೆ ಗುರುತು ಹಾಕಿದ ಗ್ಲೂಕೋಸ್ ಕೊಟ್ಟು ನೋಡಬೇಕು.

ಲೀನಿಯರ್ ಪ್ರೋಗ್ರಾಮಿನ ಗುರಿಯೂ ಹಾಗೆಯೇ. ಪ್ರಯೋಗಾಲಯದ ಬ್ಯಾಕ್ಟೀರಿಯಾಕ್ಕೆ ‘ಬೆಳವಣಿಗೆ ಗರಿಷ್ಠ’ ಎಂಬುದು ಒಪ್ಪುತ್ತದೆ. ರಕ್ತನಾಳದಿಂದ 90 ಮೈಕ್ರೊಮೀಟರ್ ದೂರದಲ್ಲಿರುವ ಕೋಶ ಬೆಳೆಯಲು ನೋಡುತ್ತಿಲ್ಲ, ಉಳಿಯಲು ನೋಡುತ್ತಿದೆ. ಅದಕ್ಕೂ ಬೆಳವಣಿಗೆಯ ಗುರಿಯನ್ನೇ ಹೊರಿಸುವುದು ಈ ಮಾಡೆಲ್‌ಗಳ ಅತಿ ದುರ್ಬಲ ಜಾಗ ಎಂದು ನನ್ನ ಅಭಿಪ್ರಾಯ.

ಗೆಡ್ಡೆಯಲ್ಲಿ ಇರುವುದು ಕ್ಯಾನ್ಸರ್ ಕೋಶ ಮಾತ್ರವೂ ಅಲ್ಲ. ಅಮೆರಿಕದ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದವರು ಇಲಿಗಳ ಗೆಡ್ಡೆಯನ್ನು ಬಿಡಿಬಿಡಿ ಕೋಶ ಮಾಡಿ ಅಳೆದು 2021ರಲ್ಲಿ ಪ್ರಕಟಿಸಿದರು. ಒಂದೊಂದು ಕೋಶಕ್ಕೆ ಲೆಕ್ಕ ಹಾಕಿದರೆ ಅತಿ ಹೆಚ್ಚು ಗ್ಲೂಕೋಸ್ ಎಳೆಯುತ್ತಿದ್ದದ್ದು ಕ್ಯಾನ್ಸರ್ ಕೋಶವಲ್ಲ, ಗೆಡ್ಡೆಗೆ ನುಗ್ಗಿದ್ದ ಮ್ಯಾಕ್ರೊಫೇಜ್ ಬಗೆಯ ರೋಗನಿರೋಧಕ ಕೋಶ. ಕ್ಯಾನ್ಸರ್ ಕೋಶ ಮುಂದಿದ್ದದ್ದು ಗ್ಲುಟಮಿನ್ ಎಳೆಯುವುದರಲ್ಲಿ. ನಮ್ಮ ದೇಶದ ವೈದ್ಯರಿಗೆ ಇದು ಇನ್ನೊಂದು ರೂಪದಲ್ಲಿ ಹಳೆಯ ವಿಷಯ. ಕ್ಷಯದ ಗಂಟು ಕೂಡ ಪೆಟ್ ಚಿತ್ರದಲ್ಲಿ ಕ್ಯಾನ್ಸರಿನಂತೆಯೇ ಹೊಳೆಯುತ್ತದೆ, ಅದಕ್ಕೇ ಬಯಾಪ್ಸಿ ಇಲ್ಲದೆ ಯಾರೂ ತೀರ್ಮಾನ ಹೇಳುವುದಿಲ್ಲ.

ಈಗ ಸಕ್ಕರೆಯ ವಿಷಯ ನಿಮಗೇ ಗೊತ್ತಾಗಿರಬೇಕು. ಗೆಡ್ಡೆಗೆ ಮುಟ್ಟುವುದು ಕಾಫಿ ಲೋಟದ ಸಕ್ಕರೆ ಅಲ್ಲ, ರಕ್ತದ ಗ್ಲೂಕೋಸ್. ಅದು 5 ಮಿಲಿಮೋಲಾರ್, ಲ್ಯಾಬಿನ ಮಾತಿನಲ್ಲಿ ಡೆಸಿಲೀಟರಿಗೆ 90 ಮಿಲಿಗ್ರಾಂ. ಊಟ ಬಿಟ್ಟರೂ ಯಕೃತ್ತು ತನ್ನ ದಾಸ್ತಾನಿನಿಂದ, ಅದು ಮುಗಿದರೆ ಸ್ನಾಯುವಿನ ಪ್ರೋಟೀನನ್ನು ಕರಗಿಸಿ, ಆ ಮಟ್ಟವನ್ನು ಹೆಚ್ಚುಕಡಿಮೆ ಹಾಗೇ ಕಾಯುತ್ತದೆ. ಕೊನೆ ಭಾಗದ ಕೋಶ ಒಣಗುವುದು ದೂರದಿಂದ, ನಿಮ್ಮ ಅಡುಗೆಮನೆಯ ಪಥ್ಯದಿಂದಲ್ಲ. ಅನ್ನ ನಿಲ್ಲಿಸಿದರೆ ಕರಗುವುದು ಅಣ್ಣನವರ ತೋಳು-ತೊಡೆಯ ಸ್ನಾಯು. ತೂಕ ಇಳಿದ ರೋಗಿಗೆ ಚಿಕಿತ್ಸೆ ತಡೆದುಕೊಳ್ಳುವುದು ಕಷ್ಟ. ಮನೆಯವರನ್ನು ಬೈಯಬೇಡಿ, ಅವರು ಪ್ರೀತಿಯಿಂದಲೇ ಮಾಡಿದ್ದಾರೆ. ಈ ಲೆಕ್ಕ ತೋರಿಸಿ ಹೇಳಿ.

ಮಾಡೆಲ್‌ಗಳಿಂದ ಇದುವರೆಗೆ ಉಪಯೋಗ ಆಗಿದೆಯೇ ಎಂದರೆ, ಆಗಿದೆ. ಗ್ಲಾಸ್ಗೋ ಮತ್ತು ಇಸ್ರೇಲಿನ ಸಂಶೋಧಕರು 2011ರಲ್ಲಿ, ಫ್ಯೂಮರೇಟ್ ಹೈಡ್ರಟೇಸ್ ಕಿಣ್ವ ಇಲ್ಲದ ಕೋಶಗಳು, ಒಂದು ಅಪರೂಪದ ಮೂತ್ರಪಿಂಡ ಕ್ಯಾನ್ಸರಿನವು, ಹೀಮ್ (ಹಿಮೋಗ್ಲೋಬಿನ್ನಿನಲ್ಲಿರುವ ಕಬ್ಬಿಣದ ಭಾಗ) ಒಡೆಯುವ ದಾರಿ ಮುಚ್ಚಿದರೆ ಸಾಯುತ್ತವೆ ಎಂದು ಮೊದಲು ಮಾಡೆಲ್‌ನಲ್ಲಿ ಕಂಡು, ಆಮೇಲೆ ಪ್ರಯೋಗದಲ್ಲಿ ಖಚಿತಪಡಿಸಿದರು. ನನಗೆ ಅದಕ್ಕಿಂತ ಮುಖ್ಯವಾಗಿ ಕಾಣುವುದು 1995ರ ಒಂದು ಲೆಕ್ಕ. ಅಮೆರಿಕದ ಸೆಕೊಂಬ್, ಡ್ಯೂಹರ್ಸ್ಟ್ ಮತ್ತು ಜೊತೆಗಾರರು ಇಲಿಯ ಗೆಡ್ಡೆಯ ನಿಜವಾದ ರಕ್ತನಾಳಗಳ ಜಾಲವನ್ನು ಅಳೆದು ಕಂಪ್ಯೂಟರಿಗೆ ತುಂಬಿ, ಉಸಿರುಗಟ್ಟಿದ ಜಾಗ ಇಲ್ಲವಾಗಬೇಕಾದರೆ ಏನು ಮಾಡಬೇಕು ಎಂದು ಕೇಳಿದರು. ಅಪಧಮನಿಯ ಆಮ್ಲಜನಕ ಹೆಚ್ಚಿಸುವುದಾದರೆ 11 ಪಟ್ಟು ಬೇಕು. ರಕ್ತದ ಹರಿವು ಹೆಚ್ಚಿಸುವುದಾದರೆ 4 ಪಟ್ಟು. ಕೋಶಗಳ ಬಳಕೆ ತಗ್ಗಿಸುವುದಾದರೆ ಶೇಕಡಾ 30 ಸಾಕು! ಹಿಮೋಗ್ಲೋಬಿನ್ ಮೊದಲೇ ತುಂಬಿರುವುದರಿಂದ ಶುದ್ಧ ಆಮ್ಲಜನಕ ಉಸಿರಾಡಿದರೂ ಹೆಚ್ಚು ಸೇರುವುದಿಲ್ಲ. ನಾಲೆಗೆ ಹೆಚ್ಚು ನೀರು ಬಿಡುವುದಕ್ಕಿಂತ ಮೇಲ್ಭಾಗದಲ್ಲಿ ಬೆಳೆ ಬದಲಿಸುವುದು ಸುಲಭ. ಈ ಜಾಡಿನಲ್ಲೇ ಆಕ್ಸ್‌ಫರ್ಡಿನವರು ಅಟೊವಾಕ್ವೋನ್ ಎಂಬ ಮಲೇರಿಯಾ ಔಷಧಿಯನ್ನು ಶ್ವಾಸಕೋಶ ಕ್ಯಾನ್ಸರ್ ರೋಗಿಗಳಿಗೆ ಕೊಟ್ಟು ನೋಡಿದರು. ಅದು ಮೈಟೊಕಾಂಡ್ರಿಯಾದ ಆಮ್ಲಜನಕ ಬಳಕೆಯನ್ನು ತಗ್ಗಿಸುತ್ತದೆ. ಪರೀಕ್ಷಿಸಿದ ರೋಗಿಗಳಲ್ಲಿ ಹಲವರ ಗೆಡ್ಡೆಯಲ್ಲಿ ಉಸಿರುಗಟ್ಟಿದ ಭಾಗ ಕುಗ್ಗಿತು. ದಯವಿಟ್ಟು ಇದನ್ನು ಓದಿ ಔಷಧಿ ಅಂಗಡಿಗೆ ಹೋಗಬೇಡಿ. ಅದರಿಂದ ಆಯಸ್ಸು ಹೆಚ್ಚುತ್ತದೆ ಎಂದು ಆ ಪ್ರಯೋಗ ತೋರಿಸಿಲ್ಲ.

ಸೋಲೂ ಇದೆ, ಅದರಿಂದ ಕಲಿತದ್ದೂ ಇದೆ. ಟಿರಾಪಜಮಿನ್ ಎಂಬ ಔಷಧಿ ಆಮ್ಲಜನಕ ಇಲ್ಲದಲ್ಲಿ ಮಾತ್ರ ವಿಷವಾಗುತ್ತದೆ. 800ಕ್ಕೂ ಹೆಚ್ಚು ತಲೆ-ಕುತ್ತಿಗೆ ಕ್ಯಾನ್ಸರ್ ರೋಗಿಗಳ ಮೇಲೆ ನಡೆದ ಪ್ರಯೋಗದಲ್ಲಿ ಅದರಿಂದ ಲಾಭ ಕಾಣಲಿಲ್ಲ ಎಂದು 2010ರಲ್ಲಿ ವರದಿಯಾಯಿತು. ಯಾರ ಗೆಡ್ಡೆಯಲ್ಲಿ ಉಸಿರುಗಟ್ಟಿದ ಭಾಗ ಇದೆ ಎಂದು ನೋಡಿ ರೋಗಿಗಳನ್ನು ಆರಿಸಿರಲಿಲ್ಲ. ಜೊತೆಗೆ ಔಷಧಿಯೇ ದಾರಿಯಲ್ಲಿ ಖರ್ಚಾಗಿ ಕೊನೆ ಭಾಗ ತಲುಪುತ್ತಿರಲಿಲ್ಲ. ನ್ಯೂಜಿಲೆಂಡಿನ ಆಕ್ಲೆಂಡ್ ಸಂಶೋಧಕರು ಇದನ್ನು ವಿಸರಣದ ಮಾಡೆಲ್‌ನಿಂದ ಲೆಕ್ಕ ಹಾಕಿ, ಇನ್ನೂ ಒಳಗೆ ಹೋಗಬಲ್ಲ ಅಣುವನ್ನು ಆ ಮಾಡೆಲ್ ಇಟ್ಟುಕೊಂಡೇ ವಿನ್ಯಾಸ ಮಾಡಿದರು.

ಅಣ್ಣನವರ ವಿಷಯಕ್ಕೆ ಬಂದರೆ: ಅವರ ಪೆಟ್ ಚಿತ್ರವನ್ನು ತುಂಬಿದರೆ ಇಂಥ ಔಷಧಿ ಕೊಡಿ ಎಂದು ಹೇಳುವ ಚಯಾಪಚಯ ಮಾಡೆಲ್ ಇವತ್ತು ಯಾವ ಆಸ್ಪತ್ರೆಯ ದಿನನಿತ್ಯದ ಚಿಕಿತ್ಸೆಯಲ್ಲೂ ಇಲ್ಲ. ಹಾಗೆ ಹೇಳಿ ದುಡ್ಡು ಕೇಳುವವರು ಸಿಕ್ಕರೆ ನಂಬಬೇಡಿ. ಅವರ ಚಿಕಿತ್ಸೆ ನಿರ್ಧಾರವಾಗುವುದು ಬಯಾಪ್ಸಿ, ಜೀನ್ ಪರೀಕ್ಷೆ, ರೋಗ ಎಷ್ಟು ಹರಡಿದೆ ಎಂಬುದರಿಂದ, ಅದು ಹಾಗೇ ಆಗಬೇಕು. ಆದರೆ ಈ ಉತ್ತರ ಓದಿದ ನೀವು ವೈದ್ಯರನ್ನು ಒಂದು ಒಳ್ಳೆಯ ಪ್ರಶ್ನೆ ಕೇಳಬಹುದು: ಬಯಾಪ್ಸಿಯ ಸೂಜಿ ಗೆಡ್ಡೆಯ ಯಾವ ಭಾಗಕ್ಕೆ ಹೋಗಿತ್ತು? ಕಪ್ಪಾದ ನಡುಭಾಗಕ್ಕೆ ಹೋಗಿದ್ದರೆ ಸಿಗುವುದು ಸತ್ತ ಕೋಶ, ಅದರಲ್ಲಿ ಜೀನ್ ಪರೀಕ್ಷೆ ಸರಿಯಾಗಿ ಬರುವುದಿಲ್ಲ. ಹಾಗಾದಾಗ ಹೊಳೆಯುವ ಅಂಚಿನಿಂದ ಮತ್ತೊಮ್ಮೆ ತೆಗೆಯುತ್ತಾರೆ. ವರದಿಯಲ್ಲಿ ‘ಮಾದರಿ ಸಾಲದು’ ಎಂಬ ಅರ್ಥದ ಸಾಲೇನಾದರೂ ಇದೆಯೇ, ಒಮ್ಮೆ ನೋಡಿ. ಮತ್ತೆ, ವಾರಕ್ಕೊಮ್ಮೆ ಒಂದೇ ತೂಕದ ಯಂತ್ರದಲ್ಲಿ, ಬೆಳಗಿನ ಹೊತ್ತು ಅಣ್ಣನವರ ತೂಕ ನೋಡಿ ದಿನಾಂಕ ಹಾಕಿ ಬರೆದಿಡಿ. ಮುಂದಿನ ಭೇಟಿಯಲ್ಲಿ ಆ ಪುಟವನ್ನು ವೈದ್ಯರಿಗೆ ತೋರಿಸಿ.